ಹೊರಗಿಟ್ಟ ಹಸಿ ಮಾಂಸ: ಎಷ್ಟು ಹೊತ್ತು ಸುರಕ್ಷಿತ?

ಯುಗಾದಿಯ ಮರುದಿನ ಹೊಸತೊಡಕು. ಹಳೇ ಮೈಸೂರು ಭಾಗದ ಊರುಗಳಲ್ಲಿ ಅಂದು ನಸುಕಿನಿಂದಲೇ ಮಾಂಸದಂಗಡಿಗಳ ಮುಂದೆ ಸಾಲು. ಹಳ್ಳಿಗಳಲ್ಲಿ ಹತ್ತಾರು ಮನೆಯವರು ಸೇರಿ ಮರಿ ಕೊಯ್ಯಿಸಿ, ಸಮನಾಗಿ ಪಾಲು ಹಾಕಿಕೊಳ್ಳುವ ಗುಡ್ಡೆ ಬಾಡಿನ ಸಂಭ್ರಮ. ಮಧ್ಯಾಹ್ನದ ಬಾಡೂಟಕ್ಕೆ ನೆಂಟರಿಷ್ಟರು ಬರುವ ವೇಳೆಗೆ ಸಾರು ಸಿದ್ಧವಾಗಬೇಕು. ಈ ಹಬ್ಬ ಬರುವುದು ಮಾರ್ಚ್-ಏಪ್ರಿಲ್‌ನ ಸುಡುಬಿಸಿಲಿನಲ್ಲಿ. ತಂಪು ಊರೆಂದು ಹೆಸರಾದ ಬೆಂಗಳೂರಿನಲ್ಲೇ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಸೆಲ್ಷಿಯಸ್ ಉಷ್ಣಾಂಶ ದಾಖಲಾಗಿತ್ತು.

ಹಬ್ಬದ ದಿನವಷ್ಟೇ ಅಲ್ಲ, ಪ್ರತಿ ಭಾನುವಾರವೂ ನಗರದ ಸಾವಿರಾರು ಅಡುಗೆಮನೆಗಳಲ್ಲಿ ಏಳುವ ಪ್ರಶ್ನೆಯೊಂದಿದೆ. ಬೆಳಗ್ಗೆ ಏಳಕ್ಕೆ ತಂದ ಮಾಂಸವನ್ನು ಹನ್ನೊಂದಕ್ಕೆ ಒಲೆಗೆ ಏರಿಸಿದರೆ ತೊಂದರೆ ಇದೆಯೇ? ರಾತ್ರಿ ಫ್ರಿಜ್‌ಗೆ ಇಡಲು ಮರೆತ ಕೋಳಿಯನ್ನು ಬೆಳಗ್ಗೆ ಚೆನ್ನಾಗಿ ಕುದಿಸಿ ಉಂಡರೆ ಆಗದೇ? ವಾಸನೆ ಬಂದಿಲ್ಲವಲ್ಲ?

ಆಹಾರ ಸುರಕ್ಷತಾ ವಿಜ್ಞಾನದ ಉತ್ತರ ಚಿಕ್ಕದು. ಹಸಿ ಮಾಂಸ ಕೋಣೆಯ ಉಷ್ಣಾಂಶದಲ್ಲಿ ಒಟ್ಟು ಎರಡು ಗಂಟೆಗಿಂತ ಹೆಚ್ಚು ಇರಬಾರದು. ಸುತ್ತಲಿನ ಉಷ್ಣಾಂಶ 32 ಡಿಗ್ರಿ ದಾಟಿದ್ದರೆ ಒಂದು ಗಂಟೆ ಮಾತ್ರ. ಇಲ್ಲಿ ಗಮನಿಸಬೇಕಾದ ಪದ ‘ಒಟ್ಟು’. ಈ ಲೆಕ್ಕ ಶುರುವಾಗುವುದು ಚೀಲ ಮನೆಗೆ ಬಂದ ಮೇಲಲ್ಲ, ಅಂಗಡಿಯಲ್ಲೇ. ಮೀರಿದ ಸಮಯವನ್ನು ಮೂಗು ಪತ್ತೆ ಹಚ್ಚಲಾರದು, ಒಲೆ ಪೂರ್ತಿಯಾಗಿ ಸರಿಪಡಿಸಲಾರದು.

<b>ಲೆಕ್ಕ ಶುರುವಾಗುವುದು ಅಂಗಡಿಯಲ್ಲಿ</b>

ಆರೋಗ್ಯವಂತ ಕುರಿ, ಆಡು ಅಥವಾ ಕೋಳಿಯ ಮಾಂಸಖಂಡದ ಒಳಭಾಗದಲ್ಲಿ ಸೂಕ್ಷ್ಮಜೀವಿಗಳು ಬಹುತೇಕ ಇರುವುದಿಲ್ಲ. ಅವು ಇರುವುದು ಚರ್ಮ, ಗರಿ ಮತ್ತು ಕರುಳಿನಲ್ಲಿ. ಕೊಯ್ದು ಸುಲಿಯುವಾಗ ಕತ್ತಿ, ಕೈ, ನೀರು, ಒರೆಸುವ ಬಟ್ಟೆ, ಕತ್ತರಿಸುವ ಮರದ ಕೊರಡು ಇವೆಲ್ಲ ಸೇರಿ ಅವನ್ನು ಮಾಂಸದ ಮೇಲ್ಮೈಗೆ ದಾಟಿಸುತ್ತವೆ. ಆ ಹೊತ್ತಿಗೆ ಮಾಂಸದ ಉಷ್ಣಾಂಶ ಪ್ರಾಣಿಯ ಮೈಬಿಸಿಯಷ್ಟೇ, ಅಂದರೆ 40 ಡಿಗ್ರಿಯ ಆಸುಪಾಸು ಇರುತ್ತದೆ. ಸೂಕ್ಷ್ಮಜೀವಿಗಳು ಬೆಳೆಯಲು ಇದು ಬಲು ಅನುಕೂಲವಾದ ಬಿಸಿ.

ವಿದೇಶಗಳಲ್ಲಿ ಕೊಯ್ದ ಮಾಂಸವನ್ನು ಕಸಾಯಿಖಾನೆಯಲ್ಲೇ ತಣಿಸಿ, ತಂಪುಪೆಟ್ಟಿಗೆಯಲ್ಲೇ ಸಾಗಿಸಿ ಮಾರುವುದು ರೂಢಿ. ಎರಡು ಗಂಟೆಯ ನಿಯಮ ಹುಟ್ಟಿದ್ದು ಅಂಥ ವ್ಯವಸ್ಥೆಯಲ್ಲಿ. ನಮ್ಮಲ್ಲಿ ಗ್ರಾಹಕ ಬಯಸುವುದು ಆಗತಾನೇ ಕೊಯ್ದ ಮಾಂಸವನ್ನು. ಬೆಳಗಿನ ಜಾವ ಕೊಯ್ದು, ಮಧ್ಯಾಹ್ನದೊಳಗೆ ಮಾರಿ, ಕೊಂಡವರು ಕೂಡಲೇ ಬೇಯಿಸಿ ಉಣ್ಣುವುದು ಹಳೆಯ ಕ್ರಮ. ಫ್ರಿಜ್ ಇಲ್ಲದ ಕಾಲದ ಈ ಕ್ರಮದಲ್ಲಿ ಒಂದು ವಿವೇಕವಿತ್ತು. ಕೊಯ್ಯುವುದಕ್ಕೂ ಬೇಯಿಸುವುದಕ್ಕೂ ನಡುವೆ ಹೆಚ್ಚು ಹೊತ್ತು ಉಳಿಯುತ್ತಲೇ ಇರಲಿಲ್ಲ.

ನಗರ ಜೀವನ ಈ ಕ್ರಮದ ಅರ್ಧವನ್ನು ಉಳಿಸಿಕೊಂಡು ಇನ್ನರ್ಧವನ್ನು ಕೈಬಿಟ್ಟಿದೆ. ಆಗತಾನೇ ಕೊಯ್ದದ್ದೇ ಬೇಕು, ಆದರೆ ಅಡುಗೆ ಮಾತ್ರ ಬಿಡುವಾದಾಗ. ಬೆಳಗ್ಗೆ ಐದಕ್ಕೆ ಕೊಯ್ದು ತೂಗುಹಾಕಿದ ಕುರಿಯಿಂದ ಹತ್ತಕ್ಕೆ ಮಾಂಸ ಕೊಂಡು, ತರಕಾರಿ ಮಾರುಕಟ್ಟೆ ಸುತ್ತಿ, ಬಿಸಿಲಿನಲ್ಲಿ ನಿಂತ ಕಾರಿನೊಳಗಿಟ್ಟು, ಹನ್ನೆರಡಕ್ಕೆ ಮನೆ ಸೇರಿದವರು ‘ಈಗಷ್ಟೇ ತಂದ ಮಾಂಸ’ ಎಂದುಕೊಳ್ಳುತ್ತಾರೆ. ಸೂಕ್ಷ್ಮಜೀವಿಗಳ ಪಾಲಿಗೆ ಆಗಲೇ ಏಳು ಗಂಟೆ ಕಳೆದಿರುತ್ತದೆ.

ಇಡಿಯಾಗಿ ತೂಗುಹಾಕಿದ ಮಾಂಸಕ್ಕೂ ತುಂಡು ಮಾಡಿದ ಮಾಂಸಕ್ಕೂ ವ್ಯತ್ಯಾಸವಿದೆ ಎಂಬುದನ್ನೂ ಹೇಳಬೇಕು. ತೂಗುಹಾಕಿದ ಮಾಂಸದ ಹೊರಮೈ ಗಾಳಿಗೆ ಒಣಗುವುದರಿಂದ ಅಲ್ಲಿ ಬೆಳವಣಿಗೆ ತುಸು ನಿಧಾನ. ಅದನ್ನೇ ಸಾರಿಗೆ ಬೇಕಾದಂತೆ ಸಣ್ಣ ತುಂಡುಗಳನ್ನಾಗಿ ಮಾಡಿದಾಗ ಮೇಲ್ಮೈ ಹಲವು ಪಟ್ಟು ಹೆಚ್ಚುತ್ತದೆ, ರಸ ಹೊರಬರುತ್ತದೆ, ಕತ್ತಿ-ಕೊರಡಿನ ಕೊಳೆ ಪ್ರತಿ ತುಂಡಿಗೂ ಹತ್ತುತ್ತದೆ. ಖೀಮಾದಲ್ಲಂತೂ ಹೊರಮೈಯಲ್ಲಿದ್ದ ಸೂಕ್ಷ್ಮಜೀವಿಗಳು ಒಳಗೆಲ್ಲ ಬೆರೆತುಹೋಗುತ್ತವೆ. ಖೀಮಾ, ಈಲಿ ಮತ್ತು ಬೋಟಿ ಇತರ ಭಾಗಗಳಿಗಿಂತ ಬೇಗ ಕೆಡುತ್ತವೆ.

<b>ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿ</b>

ಐದರಿಂದ 60 ಡಿಗ್ರಿ ಸೆಲ್ಷಿಯಸ್‌ವರೆಗಿನ ಉಷ್ಣಾಂಶವನ್ನು ವಿಶ್ವ ಆರೋಗ್ಯ ಸಂಸ್ಥೆ ‘ಅಪಾಯದ ವಲಯ’ ಎಂದು ಗುರುತಿಸಿದೆ. ಕರ್ನಾಟಕದ ಯಾವುದೇ ಊರಿನ ಯಾವುದೇ ಅಡುಗೆಮನೆ ವರ್ಷವಿಡೀ ಈ ವಲಯದೊಳಗೇ ಇರುತ್ತದೆ. ಮಡಿಕೇರಿಯ ಮಳೆಗಾಲವೂ ಇದಕ್ಕೆ ಹೊರತಲ್ಲ, ರಾಯಚೂರಿನ ಬೇಸಿಗೆಯೂ ಹೊರತಲ್ಲ. ವ್ಯತ್ಯಾಸ ಕೆಡುವ ವೇಗದಲ್ಲಿ ಮಾತ್ರ.

ಅನುಕೂಲಕರ ಸ್ಥಿತಿಯಲ್ಲಿ ಇ. ಕೋಲಿಯಂಥ ಬ್ಯಾಕ್ಟೀರಿಯಾಗಳು ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಒಂದೇ ಒಂದು ಜೀವಕೋಶದಿಂದ ಲೆಕ್ಕ ಹಾಕಿದರೆ ಒಂದು ಗಂಟೆಗೆ 8, ಎರಡು ಗಂಟೆಗೆ 64, ನಾಲ್ಕು ಗಂಟೆಗೆ 4,096, ಏಳು ಗಂಟೆಗೆ 20 ಲಕ್ಷಕ್ಕೂ ಹೆಚ್ಚು. ಮೊದಲ ಎರಡು ಗಂಟೆಯಲ್ಲಿ ಏರಿಕೆ ಸಣ್ಣದು, ಆಮೇಲಿನದ್ದು ಕೈಮೀರಿದ್ದು. ಎರಡು ಗಂಟೆಯ ಗಡುವಿನ ಹಿಂದಿರುವುದು ಇದೇ ಗಣಿತ. ವಾಸ್ತವದಲ್ಲಿ ಬೆಳವಣಿಗೆ ಇಷ್ಟು ಕರಾರುವಾಕ್ಕಾಗಿ ನಡೆಯುವುದಿಲ್ಲ. ಆದರೆ ಮಾಂಸದ ಮೇಲೆ ಶುರುವಿನಲ್ಲಿ ಇರುವುದೂ ಒಂದೇ ಜೀವಕೋಶವಲ್ಲ, ಸಾವಿರಾರು.

ಐದು ಡಿಗ್ರಿಗಿಂತ ಕೆಳಗೆ ಈ ಬೆಳವಣಿಗೆ ಬಹಳ ನಿಧಾನವಾಗುತ್ತದೆ. ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ನಿಂತೇ ಹೋಗುತ್ತದೆ. ಆದರೆ ಶೈತ್ಯ ಬ್ಯಾಕ್ಟೀರಿಯಾಗಳನ್ನು ಮಲಗಿಸುತ್ತದೆಯೇ ಹೊರತು ಕೊಲ್ಲುವುದಿಲ್ಲ. ನಾಲ್ಕು ಗಂಟೆ ಹೊರಗಿದ್ದ ಮಾಂಸವನ್ನು ಫ್ರೀಜರ್‌ಗೆ ಸೇರಿಸಿದರೆ ಅದು ಶುದ್ಧವಾಗುವುದಿಲ್ಲ. ಕೆಟ್ಟ ಸ್ಥಿತಿಯಲ್ಲೇ ಹೆಪ್ಪುಗಟ್ಟಿ ಉಳಿಯುತ್ತದೆ.

<b>ಮೂಗನ್ನು ನಂಬಬಹುದೇ?</b>

ಮಾಂಸ ಕೆಟ್ಟಿದೆಯೇ ಎಂದು ತಿಳಿಯಲು ಬಹುತೇಕರು ಮಾಡುವುದು ಮೂಸಿ ನೋಡುವ ಪರೀಕ್ಷೆ. ದುರ್ವಾಸನೆ, ಅಂಟು ಲೋಳೆ, ಹಸಿರು ಛಾಯೆ ಕಂಡರೆ ಮಾಂಸ ಕೆಟ್ಟಿದೆ ಎಂಬುದು ಖಚಿತ. ಆದರೆ ಇವು ಕಾಣದಿದ್ದ ಮಾತ್ರಕ್ಕೆ ಮಾಂಸ ಸುರಕ್ಷಿತ ಎಂದಲ್ಲ.

ಕಾರಣವಿಷ್ಟೇ. ವಾಸನೆ ಹುಟ್ಟಿಸುವ ಸೂಕ್ಷ್ಮಜೀವಿಗಳೇ ಬೇರೆ, ರೋಗ ತರುವ ಸೂಕ್ಷ್ಮಜೀವಿಗಳೇ ಬೇರೆ. ಮಾಂಸವನ್ನು ಕೊಳೆಯಿಸಿ ನಾತ ಬರಿಸುವವು ಮುಖ್ಯವಾಗಿ ಸ್ಯೂಡೋಮೊನಾಸ್‌ನಂಥ ಬ್ಯಾಕ್ಟೀರಿಯಾಗಳು. ಕಾಯಿಲೆ ತರುವ ಸಾಲ್ಮೊನೆಲ್ಲ, ಕ್ಯಾಂಪಿಲೋಬ್ಯಾಕ್ಟರ್‌ಗಳು ಅಪಾಯದ ಮಟ್ಟ ಮುಟ್ಟಿದಾಗಲೂ ಬಣ್ಣ, ವಾಸನೆ, ರುಚಿ ಯಾವುದೂ ಬದಲಾಗದೇ ಇರಬಹುದು. ‘ವಾಸನೆ ಬಂದಿರಲಿಲ್ಲ, ಆದರೂ ಹೊಟ್ಟೆ ಕೆಟ್ಟಿತು’ ಎಂಬ ಮಾತಿನ ಒಳಗುಟ್ಟು ಇದೇ.

<b>ಐದು ವಿಷಲ್ ಕೂಗಿಸಿದರೆ ಸಾಲದೇ?</b>

ಇದು ಎಲ್ಲರೂ ಮುಂದಿಡುವ ವಾದ. ನಮ್ಮ ಅಡುಗೆಯಲ್ಲಿ ಮಾಂಸವನ್ನು ಅರೆಬೇಯಿಸಿ ತಿನ್ನುವ ಪದ್ಧತಿಯಿಲ್ಲ, ಕುಕ್ಕರ್‌ನಲ್ಲಿ ಮೆತ್ತಗಾಗುವಂತೆ ಬೇಯಿಸುತ್ತೇವೆ, ಇನ್ನೆಲ್ಲಿಯ ರೋಗಾಣು ಎಂಬುದು. ಈ ವಾದದಲ್ಲಿ ಅರ್ಧ ಸತ್ಯವಿದೆ. ಮಾಂಸದ ನಡುಭಾಗ 74 ಡಿಗ್ರಿ ಮುಟ್ಟಿದರೆ ಸಾಲ್ಮೊನೆಲ್ಲ, ಕ್ಯಾಂಪಿಲೋಬ್ಯಾಕ್ಟರ್, ಇ. ಕೋಲಿಗಳು ಸಾಯುತ್ತವೆ. ಸಾರು ಕುದಿಯುವುದು 100 ಡಿಗ್ರಿಯ ಆಸುಪಾಸಿನಲ್ಲಿ, ಕುಕ್ಕರ್‌ನ ಬಿಸಿ ಅದಕ್ಕೂ ಹೆಚ್ಚು. ನಮ್ಮ ಅಡುಗೆ ಪದ್ಧತಿ ಎಷ್ಟೋ ಅನಾಹುತಗಳನ್ನು ತಡೆದಿದೆ ಎಂಬುದನ್ನು ಒಪ್ಪಲೇಬೇಕು.

ಉಳಿದರ್ಧ ಸತ್ಯ ಬೇರೆಯಿದೆ. ಕೆಲವು ಬ್ಯಾಕ್ಟೀರಿಯಾಗಳು ತಾವು ಸಾಯುವ ಮುನ್ನ ವಿಷವನ್ನು ಬಿಟ್ಟುಹೋಗುತ್ತವೆ. ಮನುಷ್ಯರ ಮೂಗು, ಚರ್ಮ, ಗಾಯಗಳಲ್ಲಿ ವಾಸಿಸುವ ಸ್ಟ್ಯಾಫಿಲೋಕಾಕಸ್ ಆರಿಯಸ್ ಅಂಥದ್ದು. ಮುಟ್ಟಿದ ಕೈಯಿಂದ ಅದು ಆಹಾರಕ್ಕೆ ದಾಟುತ್ತದೆ. ಅದರ ವಿಷ ಅರ್ಧ ಗಂಟೆ ಕುದಿಸಿದರೂ ನಾಶವಾಗದಷ್ಟು ಗಟ್ಟಿ. ಬೆಂಕಿಗೆ ಬ್ಯಾಕ್ಟೀರಿಯಾ ಸಾಯುತ್ತದೆ, ವಿಷ ಸಾರಿನಲ್ಲೇ ಉಳಿಯುತ್ತದೆ. ಉಂಡ ಅರ್ಧ ಗಂಟೆಯಿಂದ ಎಂಟು ಗಂಟೆಯೊಳಗೆ ವಾಂತಿ, ಹೊಟ್ಟೆ ಸೆಳೆತ ಶುರುವಾಗುತ್ತದೆ.

ಇನ್ನೊಂದು ಬಗೆ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್. ಇದು ಬೀಜದಂಥ ಗಟ್ಟಿ ಕವಚದೊಳಗೆ ಅಡಗಿ ಸಾಮಾನ್ಯ ಕುದಿತವನ್ನು ದಾಟಿಬಿಡುತ್ತದೆ. ದೊಡ್ಡ ಪಾತ್ರೆಯ ಸಾರು ಅಥವಾ ಬಿರಿಯಾನಿ ಗಂಟೆಗಟ್ಟಲೆ ಉಗುರುಬೆಚ್ಚಗೆ ಉಳಿದಾಗ ಮತ್ತೆ ಮೊಳೆತು ಹೆಚ್ಚುತ್ತದೆ. ಮದುವೆ, ಬೀಗರೂಟಗಳ ನಂತರ ಹಲವರಿಗೆ ಒಟ್ಟಿಗೇ ಹೊಟ್ಟೆ ಕೆಡುವ ಪ್ರಕರಣಗಳ ಹಿಂದೆ ಇದು ಇರಬಹುದು. ಆದ್ದರಿಂದ ಬೇಯಿಸುವ ಮುನ್ನ ಎಷ್ಟು ಎಚ್ಚರ ಬೇಕೋ, ಬೇಯಿಸಿದ ನಂತರವೂ ಅಷ್ಟೇ ಎಚ್ಚರ ಬೇಕು. ಮಧ್ಯಾಹ್ನದ ಸಾರನ್ನು ಒಲೆಯ ಮೇಲೆಯೇ ಬಿಟ್ಟು ರಾತ್ರಿ ಬಿಸಿ ಮಾಡುವ ಅಭ್ಯಾಸ ಬಿಡಬೇಕಾದದ್ದು.

<b>ಬಂಗುಡೆಯ ಎಚ್ಚರಿಕೆ</b>

ಕುದಿಸಿದರೆ ಎಲ್ಲವೂ ಸರಿ ಎಂಬ ನಂಬಿಕೆಯನ್ನು ಸ್ಪಷ್ಟವಾಗಿ ಸುಳ್ಳು ಮಾಡುವುದು ಮೀನು. ಕರಾವಳಿಯ ಬಂಗುಡೆ, ಬೂತಾಯಿ ಹಾಗೂ ಟ್ಯೂನಾ ಜಾತಿಯ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಹೇರಳವಾಗಿದೆ. ಮಂಜುಗಡ್ಡೆ ಇಲ್ಲದೆ ಬೆಚ್ಚಗೆ ಬಿದ್ದ ಮೀನಿನಲ್ಲಿ ಬ್ಯಾಕ್ಟೀರಿಯಾಗಳು ಇದನ್ನು ಹಿಸ್ಟಮಿನ್ ಆಗಿ ಬದಲಾಯಿಸುತ್ತವೆ. ಅಲರ್ಜಿಯಾದಾಗ ನಮ್ಮ ದೇಹದಲ್ಲಿ ಬಿಡುಗಡೆಯಾಗುವ ರಾಸಾಯನಿಕವೂ ಇದೇ.

ಒಮ್ಮೆ ಹುಟ್ಟಿದ ಹಿಸ್ಟಮಿನ್ ಹುರಿದರೂ ಹೋಗದು, ಕುದಿಸಿದರೂ ಹೋಗದು, ಹೆಪ್ಪುಗಟ್ಟಿಸಿದರೂ ಹೋಗದು. ತಿಂದ ಕೆಲವು ನಿಮಿಷಗಳಿಂದ ಒಂದೆರಡು ಗಂಟೆಯೊಳಗೆ ಮುಖ ಕೆಂಪೇರುವುದು, ತಲೆನೋವು, ಮೈ ತುರಿಕೆ ಕಾಣಿಸುತ್ತವೆ. ‘ನನಗೆ ಮೀನು ಒಗ್ಗುವುದಿಲ್ಲ’ ಎಂದು ದೂರುವ ಕೆಲವರಿಗೆ ಒಗ್ಗದ್ದು ಮೀನಲ್ಲ, ಅದು ಮಂಜುಗಡ್ಡೆಯಿಲ್ಲದೆ ಕಳೆದ ಹೊತ್ತು. ಕರಾವಳಿಯಿಂದ ಘಟ್ಟ ಹತ್ತಿ ಬೆಂಗಳೂರು, ಮೈಸೂರು, ಹುಬ್ಬಳ್ಳಿ ಸೇರುವ ಮೀನನ್ನು ಕೊಳ್ಳುವವರು ಹೊಳೆಯುವ ಕಣ್ಣು, ಕೆಂಪು ಕಿವಿರುಗಳ ಜತೆಗೆ ಮೀನು ಮಂಜುಗಡ್ಡೆಯ ಮೇಲಿದೆಯೇ, ಮಂಜುಗಡ್ಡೆಯ ಒಳಗಿದೆಯೇ ಎಂಬುದನ್ನೂ ನೋಡಬೇಕು. ಮೇಲೆ ಇರಿಸಿದ ಮೀನಿನ ಅಡಿಭಾಗ ಮಾತ್ರ ತಂಪಾಗಿರುತ್ತದೆ. ನಡುವೆ ಹುದುಗಿಸಿದ ಮೀನು ಎಲ್ಲ ಕಡೆಯಿಂದಲೂ ತಂಪಾಗಿರುತ್ತದೆ.

<b>ಅರಿಶಿನ, ಉಪ್ಪು, ಮೊಸರು</b>

ಮಾಂಸಕ್ಕೆ ಅರಿಶಿನ-ಉಪ್ಪು ಸವರಿ, ಮೊಸರು ಅಥವಾ ನಿಂಬೆರಸ ಬೆರೆಸಿಟ್ಟರೆ ಕೆಡುವುದಿಲ್ಲ ಎಂಬ ನಂಬಿಕೆ ಮನೆಮನೆಯಲ್ಲಿದೆ. ಇವು ಬೆಳವಣಿಗೆಯನ್ನು ತುಸು ತಡೆಯುವುದುಂಟು. ಆದರೆ ರುಚಿಗೆ ಹಾಕುವಷ್ಟು ಪ್ರಮಾಣ ಮಾಂಸವನ್ನು ಕಾಪಾಡಲು ಸಾಲದು. ಒಣಮೀನು, ಒಣಮಾಂಸಗಳು ತಿಂಗಳುಗಟ್ಟಲೆ ಉಳಿಯುವುದು ಧಾರಾಳ ಉಪ್ಪು ಮತ್ತು ಬಿಸಿಲು, ಹೊಗೆಗಳು ಸೇರಿ ನೀರಿನಂಶವನ್ನು ಹೀರಿಬಿಡುವುದರಿಂದ. ಕಬಾಬ್‌ಗೆಂದು ಮಸಾಲೆ ಹಚ್ಚಿದ ಕೋಳಿಯಲ್ಲಿ ನೀರಿನಂಶ ಹಾಗೆಯೇ ಇರುತ್ತದೆ. ಆದ್ದರಿಂದ ಮಸಾಲೆ ಹಚ್ಚಿ ನೆನೆಸುವುದು ಫ್ರಿಜ್‌ನಲ್ಲೇ ಆಗಬೇಕು, ಅಡುಗೆ ಕಟ್ಟೆಯ ಮೇಲಲ್ಲ.

ಕೋಳಿಯನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯುವ ರೂಢಿಗೂ ತಜ್ಞರ ಸಮ್ಮತಿಯಿಲ್ಲ. ತೊಳೆದರೆ ಬ್ಯಾಕ್ಟೀರಿಯಾ ಹೋಗುವುದಿಲ್ಲ. ನೀರ ಹನಿಗಳ ಜತೆ ಸಿಂಕ್, ನಲ್ಲಿ, ಪಕ್ಕದ ತಟ್ಟೆ-ಲೋಟ, ಕೊತ್ತಂಬರಿ ಸೊಪ್ಪಿನ ಮೇಲೆಲ್ಲ ಸಿಡಿಯುತ್ತದೆ. ಮೂಳೆಚೂರು, ರಕ್ತ ತೆಗೆಯಲು ತೊಳೆಯಲೇಬೇಕೆಂದಿದ್ದರೆ ಪಾತ್ರೆಯ ನೀರಿನಲ್ಲಿ ಮುಳುಗಿಸಿ ಮೆಲ್ಲಗೆ ತೊಳೆದು, ಸಿಂಕನ್ನೂ ಕೈಯನ್ನೂ ಸೋಪು ಹಾಕಿ ಉಜ್ಜುವುದು ಲೇಸು. ಮಾಂಸ ಕತ್ತರಿಸಿದ ಚಾಕುವಿನಲ್ಲೇ ಸೌತೆಕಾಯಿ, ಈರುಳ್ಳಿ ಹೆಚ್ಚುವುದು ಮಾಂಸ ಹೊರಗಿಡುವಷ್ಟೇ ಅಪಾಯಕಾರಿ. ಮಾಂಸ ಬೇಯುತ್ತದೆ, ಸೌತೆಕಾಯಿ ಬೇಯುವುದಿಲ್ಲ.

<b>ಫ್ರಿಜ್‌ನೊಳಗೂ ತಪ್ಪುಗಳು</b>

ಫ್ರಿಜ್ ಇದೆ ಎಂದಾಕ್ಷಣ ಚಿಂತೆ ಮುಗಿಯಲಿಲ್ಲ. ಎರಡು ಕಿಲೋ ಮಾಂಸವನ್ನು ಒಂದೇ ಚೀಲದಲ್ಲಿ ತುರುಕಿಟ್ಟರೆ ಅದರ ನಡುಭಾಗ ತಣ್ಣಗಾಗಲು ಗಂಟೆಗಟ್ಟಲೆ ಬೇಕು. ಒಂದು ಹೊತ್ತಿಗೆ ಬೇಕಾಗುವಷ್ಟನ್ನು ಬೇರೆ ಬೇರೆಯಾಗಿ, ತೆಳ್ಳಗೆ ಹರಡಿದ ಪೊಟ್ಟಣಗಳಲ್ಲಿ ಇಡಬೇಕು. ರಸ ಇತರ ಪದಾರ್ಥಗಳ ಮೇಲೆ ಸೋರದಂತೆ ಮುಚ್ಚಳವಿರುವ ಡಬ್ಬಿಯಲ್ಲಿ, ಅತ್ಯಂತ ಕೆಳಗಿನ ಹಲಗೆಯಲ್ಲಿ ಇಡುವುದು ಸರಿಯಾದ ಕ್ರಮ. ನಾಲ್ಕು ಡಿಗ್ರಿಯ ಆಸುಪಾಸಿನಲ್ಲಿ ಕೋಳಿ, ಮೀನು ಮತ್ತು ಖೀಮಾ ಒಂದೆರಡು ದಿನ, ಕುರಿ-ಆಡಿನ ಮಾಂಸದ ದೊಡ್ಡ ತುಂಡುಗಳು ಮೂರರಿಂದ ಐದು ದಿನ ತಡೆಯುತ್ತವೆ. ಅದಕ್ಕೂ ಹೆಚ್ಚು ದಿನಕ್ಕೆ ಫ್ರೀಜರೇ ಗತಿ.

ಹೆಪ್ಪುಗಟ್ಟಿದ ಕೋಳಿಯನ್ನು ಬೆಳಗ್ಗೆ ಸಿಂಕ್‌ನಲ್ಲಿಟ್ಟು ಕಚೇರಿಗೆ ಹೋಗಿ, ಸಂಜೆ ಬಂದು ಬೇಯಿಸುವುದು ನಗರಗಳ ಇನ್ನೊಂದು ರೂಢಿ. ಒಳಗೆ ಮಂಜುಗಡ್ಡೆ ಕರಗುವಷ್ಟರಲ್ಲಿ ಹೊರಮೈ ಹಲವು ಗಂಟೆ ಬೆಚ್ಚಗಿರುತ್ತದೆ. ಹಿಂದಿನ ರಾತ್ರಿಯೇ ಫ್ರೀಜರ್‌ನಿಂದ ಫ್ರಿಜ್‌ನ ಕೆಳಹಲಗೆಗೆ ಇಳಿಸಿಡುವುದು ಸುರಕ್ಷಿತ. ಅವಸರವಿದ್ದರೆ ಸೋರದ ಚೀಲದಲ್ಲಿ ಹಾಕಿ ತಣ್ಣೀರಿನಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಿಸಿ, ಕರಗಿದ ಕೂಡಲೇ ಬೇಯಿಸಬೇಕು.

ವಿದ್ಯುತ್ ಕಡಿತವಾದಾಗ ಬಾಗಿಲು ತೆರೆಯದಿದ್ದರೆ ಫ್ರಿಜ್ ಸುಮಾರು ನಾಲ್ಕು ಗಂಟೆ ತಂಪನ್ನು ಉಳಿಸಿಕೊಳ್ಳುತ್ತದೆ. ತುಂಬಿದ ದೊಡ್ಡ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಡೆಯಬಲ್ಲದು. ಫ್ರಿಜ್‌ನೊಳಗೇ ಇರುವ ಪುಟ್ಟ ಫ್ರೀಜರ್ ಕೋಣೆಯಿಂದ ಅಷ್ಟು ನಿರೀಕ್ಷಿಸಲಾಗದು. ಕರೆಂಟು ಬಂದ ಮೇಲೆ ಮಾಂಸದಲ್ಲಿ ಮಂಜಿನ ಹರಳುಗಳು ಉಳಿದಿದ್ದರೆ ಮತ್ತೆ ಹೆಪ್ಪುಗಟ್ಟಿಸಬಹುದು. ಪೂರ್ತಿ ಕರಗಿ ಬೆಚ್ಚಗಾಗಿದ್ದರೆ ಬಳಸಬಾರದು.

<b>ಯಾವ ಪ್ರಾಣಿ ಎಂಬ ಪ್ರಶ್ನೆ, ಎಷ್ಟು ತಂಪು ಎಂಬ ಪ್ರಶ್ನೆ</b>

2024ರ ಜುಲೈನಲ್ಲಿ ರಾಜಸ್ಥಾನದಿಂದ ರೈಲಿನಲ್ಲಿ ಬೆಂಗಳೂರಿಗೆ ಬಂದ ಮಾಂಸದ ಪೆಟ್ಟಿಗೆಗಳು ದೊಡ್ಡ ಗದ್ದಲಕ್ಕೆ ಕಾರಣವಾದವು. ಅದು ನಾಯಿ ಮಾಂಸ ಎಂಬ ಆರೋಪ ಕೇಳಿಬಂತು. ಹೈದರಾಬಾದ್‌ನ ರಾಷ್ಟ್ರೀಯ ಮಾಂಸ ಸಂಶೋಧನಾ ಸಂಸ್ಥೆಯ ಪರೀಕ್ಷೆಯಲ್ಲಿ ಆರೋಪ ಸುಳ್ಳಾಯಿತು. ಮಾಂಸ ನಾಯಿಯದಲ್ಲ ಎಂಬುದು ದೃಢಪಟ್ಟಿತು. ಅಲ್ಲಿಗೆ ಸಾರ್ವಜನಿಕರ ಕುತೂಹಲವೂ ಬಹುಮಟ್ಟಿಗೆ ತಣಿಯಿತು. ಆದರೆ ಉತ್ತರ ಭಾರತದಿಂದ ದಕ್ಷಿಣಕ್ಕೆ ಸಾಗುವ ಯಾವುದೇ ಮಾಂಸದ ವಿಷಯದಲ್ಲಿ ಆರೋಗ್ಯಕ್ಕೆ ಸಂಬಂಧಿಸಿದ ಮೊದಲ ಪ್ರಶ್ನೆ ದಾರಿಯುದ್ದಕ್ಕೂ ಅದು ಎಷ್ಟು ಡಿಗ್ರಿಯಲ್ಲಿತ್ತು ಎಂಬುದು. ಪ್ರಾಣಿ ಯಾವುದೆಂಬ ಚರ್ಚೆಗೆ ಸಿಕ್ಕಷ್ಟು ಮಹತ್ವ ಉಷ್ಣಾಂಶದ ಪ್ರಶ್ನೆಗೆ ನಮ್ಮಲ್ಲಿ ಸಿಗುವುದು ಅಪರೂಪ.

ಅದಕ್ಕೂ ಮುನ್ನ, ಅದೇ ವರ್ಷ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಹತ್ತು ಜಿಲ್ಲೆಗಳಿಂದ ಸಂಗ್ರಹಿಸಿದ 17 ಶವರ್ಮಾ ಮಾದರಿಗಳ ಪೈಕಿ ಎಂಟರಲ್ಲಿ ಬ್ಯಾಕ್ಟೀರಿಯಾ ಹಾಗೂ ಯೀಸ್ಟ್ ಪತ್ತೆಯಾಗಿದ್ದವು. ಗಡಿಯಾಚೆಯ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ 2022ರಲ್ಲಿ ಶವರ್ಮಾ ತಿಂದ ಹದಿಹರೆಯದ ವಿದ್ಯಾರ್ಥಿನಿಯೊಬ್ಬಳು ಮೃತಪಟ್ಟು, ಹತ್ತಾರು ಮಂದಿ ಆಸ್ಪತ್ರೆ ಸೇರಿದ್ದರು. ಅಲ್ಲಿ ರೋಗಿಗಳಲ್ಲಿ ಪತ್ತೆಯಾದದ್ದು ಶಿಗೆಲ್ಲ, ಕೊಳಕು ಕೈ ಮತ್ತು ನೀರಿನಿಂದ ಹರಡುವ ಬ್ಯಾಕ್ಟೀರಿಯಾ. ಅಸುರಕ್ಷಿತ ಆಹಾರದಿಂದ ಜಗತ್ತಿನಲ್ಲಿ ವರ್ಷಕ್ಕೆ 60 ಕೋಟಿ ಜನ ಕಾಯಿಲೆ ಬೀಳುತ್ತಾರೆ, 4.2 ಲಕ್ಷ ಜನ ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಅಂದಾಜು ಮಾಡಿತ್ತು. ಸತ್ತವರಲ್ಲಿ ಸುಮಾರು ಮೂರನೇ ಒಂದು ಭಾಗ ಐದು ವರ್ಷದೊಳಗಿನ ಮಕ್ಕಳು.

ಕಾಯ್ದೆಯ ಕೊರತೆಯೇನೂ ಇಲ್ಲ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ನಿಯಮಗಳು 2011ರಿಂದ ಜಾರಿಯಲ್ಲಿವೆ. ಮಾಂಸದಂಗಡಿಗಳೂ ನೋಂದಣಿ ಅಥವಾ ಪರವಾನಗಿ ಪಡೆದು, 14 ಅಂಕಿಗಳ ಸಂಖ್ಯೆಯನ್ನು ಗ್ರಾಹಕರಿಗೆ ಕಾಣುವಂತೆ ಪ್ರದರ್ಶಿಸಬೇಕು. ಆ ಸಂಖ್ಯೆಯನ್ನು ಕೇಳುವ ಗ್ರಾಹಕರು ಮಾತ್ರ ವಿರಳ.

<b>ಗ್ರಾಹಕರು ಮಾಡಬೇಕಾದದ್ದೇನು?</b>

ಸಂತೆಯ ಉಳಿದ ಕೆಲಸ ಮುಗಿಸಿ, ಮಾಂಸದಂಗಡಿಗೆ ಕೊನೆಯಲ್ಲಿ ಹೋಗಬೇಕು. ಯಾವಾಗ ಕೊಯ್ದದ್ದೆಂದು ಕೇಳಬೇಕು. ಮೊದಲೇ ತುಂಡು ಮಾಡಿಟ್ಟ ರಾಶಿಗಿಂತ ಕಣ್ಣೆದುರು ಕತ್ತರಿಸಿಕೊಟ್ಟ ಮಾಂಸ ಮೇಲು. ಮನೆ ದೂರವಿದ್ದರೆ, ಬಿಸಿಲು ಹೆಚ್ಚಿದ್ದರೆ ಮಂಜುಗಡ್ಡೆಯಿರುವ ಚೀಲ ಒಯ್ಯಬೇಕು. ಮನೆ ಸೇರಿದ ಕೂಡಲೇ ಒಂದೋ ಒಲೆಗೆ, ಇಲ್ಲವೇ ಫ್ರಿಜ್‌ಗೆ. ಆನ್‌ಲೈನ್‌ನಲ್ಲಿ ತರಿಸಿದ ಮಾಂಸದ ಪೊಟ್ಟಣ ಮುಟ್ಟಿದಾಗ ತಣ್ಣಗಿರಬೇಕು. ಬೆಚ್ಚಗಿದ್ದರೆ ಮರಳಿಸುವ ಹಕ್ಕು ಗ್ರಾಹಕರಿಗಿದೆ.

ರಾತ್ರಿಯಿಡೀ ಹೊರಗುಳಿದ ಮಾಂಸದ ವಿಷಯದಲ್ಲಿ ಎರಡು ಮಾತಿಲ್ಲ, ಎಸೆಯಬೇಕು. ನಗರಗಳಲ್ಲಿ ಕಿಲೋಗೆ ಏಳೆಂಟು ನೂರು ರೂಪಾಯಿ ಮುಟ್ಟಿರುವ ಕುರಿ ಮಾಂಸವನ್ನು ಕಸಕ್ಕೆ ಹಾಕಲು ಯಾರಿಗೂ ಮನಸ್ಸು ಬಾರದು. ‘ನಾವು ತಿನ್ನುವುದು ಬೇಡ, ಕೆಲಸದವರಿಗೆ ಕೊಟ್ಟರಾಯಿತು’ ಎಂಬ ಯೋಚನೆ ಹಲವರಿಗೆ ಬರುವುದು ಇಲ್ಲೇ. ತಾನು ಉಣ್ಣಲು ಹೆದರುವುದನ್ನು ಇನ್ನೊಬ್ಬರ ಮಕ್ಕಳ ತಟ್ಟೆಗೆ ಬಡಿಸುವುದು ಉಳಿತಾಯವೂ ಅಲ್ಲ, ದಾನವೂ ಅಲ್ಲ.

ಅಕಸ್ಮಾತ್ ತಿಂದು ವಾಂತಿ-ಭೇದಿ ಶುರುವಾದರೆ ಓಆರ್‌ಎಸ್ ದ್ರಾವಣವನ್ನು ಗುಟುಕು ಗುಟುಕಾಗಿ ಕುಡಿಯುತ್ತಿರಬೇಕು. ಮಲದಲ್ಲಿ ರಕ್ತ, ತೀವ್ರ ಜ್ವರ, ಮೂತ್ರ ಕಡಿಮೆಯಾಗುವುದು, ಮಂಪರು ಕಂಡರೆ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು. ಪುಟ್ಟ ಮಕ್ಕಳು, ಗರ್ಭಿಣಿಯರು ಮತ್ತು ವೃದ್ಧರ ವಿಷಯದಲ್ಲಿ ಈ ಲಕ್ಷಣಗಳಿಗೆ ಕಾಯಲೂಬಾರದು. ಸಾಲ್ಮೊನೆಲ್ಲದಂಥ ಸೋಂಕಿನ ಲಕ್ಷಣ ಕಾಣಿಸಲು ಆರು ಗಂಟೆಯಿಂದ ಆರು ದಿನಗಳವರೆಗೂ ಹಿಡಿಯಬಹುದು. ಆದ್ದರಿಂದ ಹಿಂದಿನ ರಾತ್ರಿಯ ಊಟವನ್ನಷ್ಟೇ ಅಲ್ಲ, ಕಳೆದ ವಾರ ಉಂಡದ್ದನ್ನೂ ವೈದ್ಯರಿಗೆ ತಿಳಿಸಬೇಕು.

ಮಾಂಸ ಕೊಳ್ಳುವಾಗ ಎಳೆಯದೇ, ಬಲಿತದ್ದೇ ಎಂದು ನೋಡುತ್ತೇವೆ, ತೂಕ ನೋಡುತ್ತೇವೆ, ಚರ್ಬಿ ಹೆಚ್ಚಾಯಿತೆಂದು ಜಗಳವಾಡುತ್ತೇವೆ. ಇವುಗಳ ಜತೆಗೆ ಗಡಿಯಾರವನ್ನೂ ಒಮ್ಮೆ ನೋಡಿಕೊಂಡರೆ ಭಾನುವಾರದ ಬಾಡೂಟ ಸೋಮವಾರದ ಆಸ್ಪತ್ರೆ ಭೇಟಿಗೆ ಕಾರಣವಾಗದು.